ಕುಂಡದ ತೋಟವೂ ಕಾಲಗಳ ಸರದಿಯೂ

ನಮ್ಮ ಶಾಲೆಯಲ್ಲಿ ಕಲಿತು ಹೋದ ಬಾಲಿಕೆಯರು ಈಗ ಗೃಹಿಣಿಯರಾಗಿಯೂ ಉಪಾಧ್ಯಾಯಿನಿಯರಾಗಿಯೂ ದಾದಿಯರಾಗಿಯೂ ಕಚೇರಿಗಳಲ್ಲಿ ಉದ್ಯೋಗಸ್ಥರಾಗಿಯೂ ನಾನಾ ಊರುಗಳಲ್ಲಿ ನೆಲೆಸಿರುವರು. ಅವರು ನಮ್ಮನ್ನು ಕಾಣಬಂದಾಗ ಜಗಲಿಯ ಹೂಕುಂಡಗಳನ್ನು ನೋಡಿ ಎರಡು ದೂರುಗಳನ್ನು ಹೇಳುವುದುಂಟು. “ನಮಗೆ ಭೂಮಿಯಿಲ್ಲ, ನಾಲ್ಕು ಅಡಿ ಅಗಲದ ಬಾಲ್ಕನಿಯೊಂದೇ ಇರುವುದು” ಎಂಬುದು ಮೊದಲನೆಯದು. “ಹೂಬಿಟ್ಟ ಗಿಡವನ್ನೇ ಹಣಕೊಟ್ಟು ತಂದರೂ ತಿಂಗಳೊಳಗೆ ಸಾಯುವುದು, ನಮ್ಮ ಕೈಗುಣವೇ ಒಳ್ಳೆಯದಲ್ಲ” ಎಂಬುದು ಎರಡನೆಯದು. ಈ ಎರಡು ದೂರುಗಳಿಗೂ ಉತ್ತರವಾಗುವಂತೆ ಕುಂಡದ ತೋಟವನ್ನು ಕುರಿತು ಒಂದು ಪಾಠವನ್ನು ಇಲ್ಲಿ ಬರೆಯುತ್ತೇವೆ.

ಭೂಮಿಯಿಲ್ಲವೆಂಬ ದೂರಿಗೆ ನಮ್ಮ ನಾಡಿನ ಅಂಗಳಗಳೇ ಉತ್ತರವನ್ನು ಕೊಟ್ಟಿರುವುವು. ಬಹುಕಾಲದಿಂದ ಹಿತ್ತಿಲಿಲ್ಲದ ಮನೆಯವರೂ ಒಡೆದ ಕೊಡದಲ್ಲಿ ದೊಡ್ಡಪತ್ರೆಯನ್ನೂ ಹಳೆಯ ಡಬ್ಬದಲ್ಲಿ ಪುದೀನವನ್ನೂ ಕಟ್ಟೆಯಲ್ಲಿ ತುಳಸಿಯನ್ನೂ ಬೆಳೆಸಿಕೊಂಡು ಬಂದಿರುವರು. ಗಿಡಕ್ಕೆ ಬೇಕಾದದ್ದು ಮಣ್ಣು, ಬೆಳಕು, ನೀರು, ಬೇರಿಗೆ ಗಾಳಿ, ಎಕರೆಗಳಲ್ಲ. ಆದರೆ ಎರಡನೆಯ ದೂರು ಹೆಚ್ಚು ಗಂಭೀರವಾದದ್ದು. ಯಾಕಂದರೆ ಎರಡು ಮೂರು ಸಾರಿ ಗಿಡಗಳು ಸತ್ತ ಮೇಲೆ ಮನೆಯವರು ಮನಗುಂದಿ ಆ ಕೆಲಸವನ್ನೇ ಬಿಟ್ಟುಬಿಡುವರು. ಬರಿದಾದ ಕುಂಡಗಳು ತಾರಸಿಯ ಮೂಲೆ ಸೇರಿ ಮಳೆಯ ನೀರನ್ನು ತುಂಬಿಕೊಂಡು ಸೊಳ್ಳೆಗಳಿಗೆ ಮನೆಯಾಗುವುವು. ಮಕ್ಕಳು ಮಣ್ಣನ್ನು ಮುಟ್ಟದೆ ಬೆಳೆಯುವರು.

ಕೈಗುಣವೋ, ಕಾಲಗುಣವೋ?

ಅಂಗಡಿಯಲ್ಲಿ ಮೈತುಂಬ ಹೂಬಿಟ್ಟು ನಿಂತಿರುವ ಪೆಟೂನಿಯಾ ಗಿಡವನ್ನು ಫೆಬ್ರವರಿಯಲ್ಲಿ ತಂದವರು ಅದು ಏಪ್ರಿಲಿನಲ್ಲಿ ಒಣಗಿದಾಗ ತಮ್ಮನ್ನೇ ದೂರಿಕೊಳ್ಳುವರು. ಆದರೆ ಆ ಗಿಡವು ನಮ್ಮ ಸೀಮೆಯಲ್ಲಿ ಒಂದು ಕಾಲದ ಗಿಡವು. ಅದು ಮಳೆಯ ಕೊನೆಯಲ್ಲಿ ಮೊಳೆತು, ಚಳಿಯಲ್ಲಿ ಹೂಬಿಟ್ಟು, ಬಿಸಿಲು ಬಲಿಯುವಾಗ ಬೀಜಕಟ್ಟಿ ಮುಗಿಯುವುದು. ನಾವು ಅದನ್ನು ತಂದಾಗ ಅದರ ಆಯುಷ್ಯದ ಹೆಚ್ಚಿನ ಭಾಗವು ತೋಟಗಾರನ ಬಳಿಯಲ್ಲೇ ಕಳೆದುಹೋಗಿತ್ತು. ಅದು ಸತ್ತದ್ದು ಕೈಗುಣದಿಂದಲ್ಲ, ಕಾಲಗುಣದಿಂದ.

ಆದುದರಿಂದ ಈ ಪಾಠದ ಮುಖ್ಯ ಸೂತ್ರವು ಇದೇ: ಒಂದು ಕಾಲದ ಚೆಲುವನ್ನು ಅದರ ಹಿಂದಿನ ಕಾಲದಲ್ಲಿಯೇ ಬಿತ್ತಬೇಕು. ಕಣ್ಣೆದುರಿಗೆ ಹೂಬಿಟ್ಟಿರುವ ಕುಂಡವೊಂದಾದರೆ, ಅದರ ಹಿಂದೆ ಸದ್ದಿಲ್ಲದೆ ಬೆಳೆಯುತ್ತಿರುವ ಕುಂಡವು ಇನ್ನೊಂದಿರಬೇಕು.

ಒಂದು ನಗರದಿಂದ ಕಲಿಯತಕ್ಕದ್ದು

ಈ ಸೂತ್ರವು ಬೆಂಗಳೂರಿನ ಬೀದಿಗಳಲ್ಲಿ ದೊಡ್ಡದಾಗಿ ಕಾಣಬರುವುದು. ಜರ್ಮನಿ ದೇಶದಲ್ಲಿ 1865ರಲ್ಲಿ ಹುಟ್ಟಿ, ಇಂಗ್ಲೆಂಡಿನ ಕ್ಯೂ ತೋಟದಲ್ಲಿಯೂ ಬರೋಡಾ ಸಂಸ್ಥಾನದಲ್ಲಿಯೂ ಕೆಲಸಮಾಡಿ, 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಗುಸ್ತಾವ್ ಹರ್ಮನ್ ಕ್ರುಂಬಿಗೆಲ್ ಎಂಬವರು ಲಾಲ್‌ಬಾಗಿನ ಮೇಲ್ವಿಚಾರಣೆಯನ್ನು ವಹಿಸಿಕೊಂಡಿದ್ದರು. ಒಂದು ಜಾತಿಯ ಮರದ ಹೂವು ಉದುರುವ ಹೊತ್ತಿಗೆ ಇನ್ನೊಂದು ಜಾತಿಯದು ಅರಳುವಂತೆ ಸಾಲುಮರಗಳನ್ನು ಆರಿಸಿ ನೆಡತಕ್ಕದ್ದೆಂಬ ಸರದಿ ಹೂವಿನ ಕ್ರಮವು ಅವರ ಹೆಸರಿನೊಂದಿಗೆ ಸೇರಿಕೊಂಡಿದೆ. ಮಾಗಿ ಮುಗಿಯುವಾಗ ನೀಲಿಯ ಜಕರಂಡ, ಬೇಸಿಗೆಯ ಉರಿಯಲ್ಲಿ ಕೆಂಪಾದ ಗುಲ್‌ಮೊಹರ್, ಮಳೆ ಹಿಂದೆಗೆಯುವಾಗ ಬಿಳಿಯ ಆಕಾಶಮಲ್ಲಿಗೆ, ಹೀಗೆ ಆ ನಗರದಲ್ಲಿ ಯಾವುದಾದರೊಂದು ಮರವು ಹೂವಿನಿಂದಿರುವುದು. ಅವರು 1956ರಲ್ಲಿ ಬೆಂಗಳೂರಿನಲ್ಲಿಯೇ ತೀರಿಕೊಂಡರು. ಸರದಿಯು ಇಂದಿಗೂ ನಡೆಯುತ್ತಿರುವುದು.

ನಗರವೊಂದಕ್ಕೆ ಒಪ್ಪಿದ ಕ್ರಮವು ನಾಲ್ಕು ಅಡಿಯ ಬಾಲ್ಕನಿಗೂ ಒಪ್ಪುವುದು. ಹನ್ನೆರಡು ಕುಂಡಗಳಿದ್ದರೆ ಸಾಕು. ಅವುಗಳಲ್ಲಿ ನಾಲ್ಕು ನೆಲೆಗಿಡಗಳು, ಅಂದರೆ ವರ್ಷವಿಡೀ ಹಸುರಾಗಿ ನಿಲ್ಲತಕ್ಕವು: ಕ್ರೋಟನ್, ಅರೆಕಾ ತಾಳೆ, ಡ್ರಸೀನಾ, ದಾಸವಾಳ ಮುಂತಾದವು. ಇನ್ನು ನಾಲ್ಕು ಈಗ ಹೂಬಿಟ್ಟಿರುವ ಮುಂದಿನ ಸಾಲು. ಉಳಿದ ನಾಲ್ಕು ಹಿಂದೆ ಕಾಯುತ್ತಿರುವ ಸಾಲು. ಮುಂದಿನ ಸಾಲಿನ ಹೂವು ಮುಗಿದೊಡನೆ ಕಾಯುವ ಸಾಲು ಮುಂದಕ್ಕೆ ಬರುವುದು. ಬರಿದಾದ ಕುಂಡಗಳು ಹಿಂದಕ್ಕೆ ಹೋಗಿ ಹೊಸ ಬೀಜವನ್ನು ಪಡೆಯುವುವು. ಒಂದೇ ದೊಡ್ಡ ತೊಟ್ಟಿಯಲ್ಲಿ ಹಲವು ಗಿಡಗಳನ್ನು ಕೂಡಿ ನೆಡುವುದಕ್ಕಿಂತ ಒಂದೊಂದನ್ನು ಬೇರೆ ಕುಂಡದಲ್ಲಿಟ್ಟು ಗುಂಪುಮಾಡುವುದು ಈ ಕಾರಣದಿಂದ ಲೇಸು. ಒಂದು ಗಿಡವು ಕೆಟ್ಟರೆ ಅದನ್ನು ಮಾತ್ರ ಎತ್ತಿಡಬಹುದು. ಒಂದರ ನೀರು ಇನ್ನೊಂದಕ್ಕೆ ಹೆಚ್ಚಾಗುವ ಭಯವಿಲ್ಲ.

ಕುಂಡ, ಮಣ್ಣು, ನೀರು

ಕುಂಡದ ಗಿಡಗಳು ಬಾಯಾರಿ ಸಾಯುವುದಕ್ಕಿಂತ ಹೆಚ್ಚಾಗಿ ನೀರು ಹೆಚ್ಚಾಗಿ ಸಾಯುವುವು. ಬೇರಿಗೂ ಉಸಿರುಬೇಕು, ಮಣ್ಣಿನ ಸಂದುಗಳೆಲ್ಲಾ ನೀರಿನಿಂದ ತುಂಬಿದರೆ ಗಾಳಿಗೆ ಎಡೆಯಿಲ್ಲದೆ ಬೇರು ಕೊಳೆಯುವುದು. ಕೊಳೆತ ಬೇರು ನೀರನ್ನು ಹೀರಲಾರದ ಕಾರಣ ಎಲೆಗಳು ಬಾಡುವುವು; ಅದನ್ನು ಕಂಡ ಮನೆಯವರು ಬಾಯಾರಿಕೆಯೆಂದು ತಿಳಿದು ಇನ್ನಷ್ಟು ನೀರನ್ನು ಹೊಯ್ಯುವರು.

ನೀರು ಇಂಗಿ ಹೋಗುವುದಕ್ಕಾಗಿ ಕುಂಡದ ತಳದಲ್ಲಿ ಎರಡು ಮೂರು ಅಂಗುಲ ಜಲ್ಲಿಯನ್ನು ಹಾಕತಕ್ಕದ್ದೆಂದು ಅನೇಕರು ಹೇಳುವುದುಂಟು. ಇದು ಸರಿಯಲ್ಲವೆಂಬುದನ್ನು ಒಂದು ಸುಲಭವಾದ ಪ್ರಯೋಗದಿಂದ ಮಕ್ಕಳಿಗೆ ತೋರಿಸಬಹುದು. ಚಪ್ಪಟೆಯಾದ ಒಂದು ಸ್ಪಂಜನ್ನು ನೀರಿನಲ್ಲಿ ಅದ್ದಿ ಅಡ್ಡಲಾಗಿ ಹಿಡಿಯಿರಿ. ಸ್ವಲ್ಪ ಹೊತ್ತಿಗೆ ತೊಟ್ಟಿಕ್ಕುವುದು ನಿಲ್ಲುವುದು. ಈಗ ಅದನ್ನೇ ಉದ್ದವಾಗಿ ನಿಲ್ಲಿಸಿ ಹಿಡಿಯಿರಿ. ಪುನಃ ನೀರು ಸುರಿಯುವುದು. ಮಣ್ಣು ಸ್ಪಂಜಿನಂತೆಯೇ ತನ್ನ ತಳದಲ್ಲಿ ಒಂದಿಷ್ಟು ನೀರನ್ನು ಹಿಡಿದುಕೊಳ್ಳುವುದು. ಮಣ್ಣಿನ ಎತ್ತರವು ಹೆಚ್ಚಿದಷ್ಟೂ ಮೇಲಿನ ಬೇರುಗಳಿಗೆ ಗಾಳಿಯು ದೊರೆಯುವುದು. ತಳದಲ್ಲಿ ಜಲ್ಲಿಯನ್ನು ಹಾಕಿದರೆ ಮಣ್ಣಿನ ಎತ್ತರವು ಕುಗ್ಗಿ, ನೆನೆದ ಪದರವು ಬೇರಿನ ಹತ್ತಿರಕ್ಕೆ ಏರುವುದು. ಆದುದರಿಂದ ಮಣ್ಣು ಸೋರಿ ಹೋಗದಂತೆ ತೂತಿನ ಮೇಲೆ ಬಾಗಿದ ಹಂಚಿನ ಚೂರೊಂದನ್ನು ಇಟ್ಟು, ಮಿಕ್ಕದ್ದನ್ನೆಲ್ಲಾ ಒಳ್ಳೆಯ ಮಣ್ಣಿನಿಂದಲೇ ತುಂಬತಕ್ಕದ್ದು. ತೂತಿಲ್ಲದ ಪಾತ್ರೆಯಲ್ಲಿ ಗಿಡವನ್ನು ನೆಡಲೇಕೂಡದು.

ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, ಒಂದು ಪಾಲು ದಪ್ಪ ಮರಳು, ಹೀಗೆ ಬೆರಸಿದ ಮಣ್ಣು ಬಹುತೇಕ ಗಿಡಗಳಿಗೆ ಒಪ್ಪುವುದು. ಮಹಡಿಯ ಮನೆಯವರು ಮರಳಿಗೆ ಬದಲಾಗಿ ತೆಂಗಿನ ನಾರಿನ ಪುಡಿಯನ್ನು ಸೇರಿಸಿದರೆ ಭಾರವು ಕಡಿಮೆಯಾಗುವುದು. ಒಂದು ಅಡಿ ಅಗಲದ ಕುಂಡವು ನೆನೆದ ಮಣ್ಣಿನೊಡನೆ 20 ಕಿಲೋಗ್ರಾಮಿಗೂ ಮಿಗಿಲಾಗಿ ತೂಗುವುದು. ಆದುದರಿಂದ ದೊಡ್ಡ ಕುಂಡಗಳನ್ನು ಬಾಲ್ಕನಿಯ ಅಂಚಿನಲ್ಲಿಡದೆ ಗೋಡೆಯ ಬುಡದಲ್ಲಿಡಬೇಕು. ಕಟಕಟೆಯ ಮೇಲೆ ಕಟ್ಟದೆ ಇಟ್ಟ ಕುಂಡವು ಗಾಳಿಗೆ ಬಿದ್ದು ಕೆಳಗೆ ಹೋಗುವವರಿಗೆ ಅಪಾಯವನ್ನುಂಟುಮಾಡೀತು.

ಮಣ್ಣಿನ ಕುಂಡದ ಗೋಡೆಯಿಂದ ನೀರು ಆವಿಯಾಗುವ ಕಾರಣ ಅದು ಬೇಗ ಒಣಗುವುದು, ಬೇರನ್ನು ತಂಪಾಗಿಡುವುದು. ಪ್ಲಾಸ್ಟಿಕ್ ಕುಂಡವು ನೀರನ್ನು ಹಿಡಿದಿಡುವುದು, ಆದರೆ ಬಿಸಿಲಿಗೆ ಕಾಯುವುದು. ಅತಿಯಾಗಿ ನೀರೆರೆಯುವ ಅಭ್ಯಾಸದವರಿಗೆ ಮಣ್ಣಿನ ಕುಂಡವೇ ಕ್ಷೇಮ. ನೀರನ್ನು ಗಡಿಯಾರ ನೋಡಿ ಎರೆಯತಕ್ಕದ್ದಲ್ಲ. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿನೊಳಗೆ ಇಳಿಸಿ, ತೇವವಿಲ್ಲದಿದ್ದರೆ ತಳದ ತೂತಿನಿಂದ ಹೊರಬರುವವರೆಗೆ ಎರೆಯಬೇಕು. ತೇವವಿದ್ದರೆ ಆ ದಿನ ಸುಮ್ಮನಿರಬೇಕು.

ಮಳೆಗಾಲ

ಮೈಸೂರು ಸೀಮೆಯಲ್ಲಿ ಮಳೆಯು ಬಿಟ್ಟುಬಿಟ್ಟು ಬರುವುದು. ಬೆಂಗಳೂರಿನಲ್ಲಿ ವರ್ಷದ ಮಳೆಯು 1000 ಮಿಲಿಮೀಟರಿನ ಆಸುಪಾಸು. ಮಂಗಳೂರಿನ ಕಡೆಯಲ್ಲಾದರೋ 3500 ಮಿಲಿಮೀಟರನ್ನು ಮೀರುವುದು, ಅದರಲ್ಲಿಯೂ ಹೆಚ್ಚಿನದು ಜೂನಿನಿಂದ ಸೆಪ್ಟೆಂಬರಿನೊಳಗೆ. ಕರಾವಳಿಯಲ್ಲಿ ಮನೆಮಾಡಿರುವ ನಮ್ಮ ವಿದ್ಯಾರ್ಥಿನಿಯರು ಆರಿದ್ರಾ ಮಳೆಗೆ ಮೊದಲೇ ಕುಂಡಗಳನ್ನು ಸೂರಿನ ಅಡಿಗೆ ಸರಿಸಿ, ಎರಡು ಇಟ್ಟಿಗೆಗಳ ಮೇಲೆ ಎತ್ತಿಡಬೇಕು.

ಈ ಕಾಲದ ಹೂವುಗಳನ್ನು ಮೇ ತಿಂಗಳಲ್ಲಿ, ಮುಂಗಾರಿಗೆ ಮುಂಚಿನ ಹದ ಮಳೆಗಳಲ್ಲಿ ಬಿತ್ತತಕ್ಕದ್ದು. ಕರ್ಣಕುಂಡಲವೆಂದು ಕರೆಯುವ ಬಾಲ್ಸಂ ಗಿಡವು ಎರಡು ತಿಂಗಳಲ್ಲಿ ಹೂಬಿಡುವುದು. ಅದರ ಬಲಿತ ಕಾಯಿಯನ್ನು ಮುಟ್ಟಿದೊಡನೆ ಸಿಡಿದು ಬೀಜವನ್ನು ಎರಚುವುದನ್ನು ನೋಡಿ ನಗದ ಮಗುವಿಲ್ಲ. ಕೋಳಿಜುಟ್ಟಿನ ಹೂವು, ಚೆಂಡುಹೂವು, ಜೀನಿಯಾ ಇವೂ ಈ ಕಾಲಕ್ಕೆ ಒಪ್ಪುವುವು. ಬಿಸಿಲು ಬಾರದ ಮೂಲೆಗೆ ಜರೀಗಿಡ, ಬಿಗೋನಿಯಾ, ಬಣ್ಣದೆಲೆಯ ಕೋಲಿಯಸ್ ಮತ್ತು ಕ್ಯಾಲಡಿಯಂ. ಕ್ಯಾಲಡಿಯಮ್ಮಿನ ಗೆಡ್ಡೆಯು ಮಳೆಯೊಂದಿಗೆ ಎಚ್ಚತ್ತು, ಚಳಿಗೆ ಎಲೆಯುದುರಿಸಿ ಮಲಗುವುದು. ಎಲೆ ಒಣಗಿತೆಂದು ಅದನ್ನು ಎಸೆಯಬಾರದು; ಕುಂಡವನ್ನು ನೀರಿಲ್ಲದೆ ಒಂದು ಮೂಲೆಯಲ್ಲಿಟ್ಟರೆ ಮುಂದಿನ ಮಳೆಗೆ ತಾನೇ ಏಳುವುದು.

ಮಳೆಗಾಲದ ಇನ್ನೊಂದು ಕರ್ತವ್ಯವನ್ನು ಒತ್ತಿ ಹೇಳಬೇಕಾಗಿದೆ. ಡೆಂಗೀ ಜ್ವರವನ್ನು ಹರಡುವ ಈಡಿಸ್ ಸೊಳ್ಳೆಯು ಕುಂಡದ ಅಡಿಯ ತಟ್ಟೆಯಲ್ಲಿ ನಿಂತ ಸ್ವಲ್ಪ ನೀರಿನಲ್ಲಿಯೂ ಸಂತತಿಯನ್ನು ಬೆಳೆಸುವುದು. ತತ್ತಿಯು ಸೊಳ್ಳೆಯಾಗಲು ಹೆಚ್ಚು ಕಡಿಮೆ 7ರಿಂದ 10 ದಿನಗಳು ಸಾಕು; ಒಣಗಿದ ತತ್ತಿಗಳು ತಿಂಗಳುಗಟ್ಟಲೆ ಜೀವದಿಂದಿರುವುವು. ಆದುದರಿಂದ ವಾರಕ್ಕೊಮ್ಮೆ ತಟ್ಟೆಯ ನೀರನ್ನು ಚೆಲ್ಲಿದರೆ ಸಾಲದು, ಅದರ ಒಳಬದಿಯನ್ನು ಉಜ್ಜಿ ತೊಳೆಯಬೇಕು. ಬರಿದಾದ ಕುಂಡಗಳನ್ನು ಬೋರಲು ಹಾಕಬೇಕು.

ಚಳಿಗಾಲ

ನಮ್ಮ ಸೀಮೆಯ ಕುಂಡದ ತೋಟಕ್ಕೆ ಇದು ರಾಜಕಾಲವು. ಆದರೆ ಡಿಸೆಂಬರಿನ ಹೂವಿಗಾಗಿ ಡಿಸೆಂಬರಿನಲ್ಲಿ ಎಚ್ಚರಗೊಳ್ಳುವವರು ಅಂಗಡಿಗೆ ಹೋಗಬೇಕಾಗುವುದು. ಪೆಟೂನಿಯಾ, ಫ್ಲಾಕ್ಸ್, ಡಯಾಂಥಸ್, ಸಾಲ್ವಿಯಾ ಮೊದಲಾದ ಬೀಜಗಳನ್ನು ಆಗಸ್ಟಿನ ಕೊನೆಯಿಂದ ಸೆಪ್ಟೆಂಬರಿನೊಳಗೆ ಸೂರಿನ ಕೆಳಗೆ ಬಿತ್ತಿ, ಹಸ್ತ ಚಿತ್ತ ಮಳೆಗಳ ಹೊಡೆತ ತಪ್ಪಿದ ಮೇಲೆ ಸಸಿಗಳನ್ನು ಕುಂಡಕ್ಕೆ ಕೀಳಬೇಕು. ಪೆಟೂನಿಯಾದ ಬೀಜವು ಧೂಳಿನಂತೆ ಸಣ್ಣದು. ಅದನ್ನು ನಯವಾದ ಮರಳಿನೊಂದಿಗೆ ಬೆರಸಿ ಎರಚಿ, ಮೇಲೆ ಮಣ್ಣನ್ನು ಮುಚ್ಚದೆ, ಕುಂಡವನ್ನು ನೀರಿನ ತಟ್ಟೆಯಲ್ಲಿ ನಿಲ್ಲಿಸಿ ಕೆಳಗಿನಿಂದ ನೆನೆಸತಕ್ಕದ್ದು.

ಸೇವಂತಿಗೆಯ ಲೆಕ್ಕವು ಇನ್ನೂ ಉದ್ದವಾದದ್ದು. ಹೂವು ಮುಗಿದ ಮೇಲೆ ಜನವರಿಯಲ್ಲಿ ಕಾಂಡವನ್ನು ಕೊಯ್ದು, ಬುಡದಿಂದ ಬರುವ ಮರಿಗಳನ್ನು ಬೇರ್ಪಡಿಸಿ ನೆರಳಿನಲ್ಲಿ ಬೇಸಿಗೆಯನ್ನು ಕಳೆಯಿಸಬೇಕು. ಜೂನ್ ಜುಲೈ ತಿಂಗಳುಗಳಲ್ಲಿ ಅವುಗಳ ತುದಿಯ ಕಡ್ಡಿಗಳನ್ನು ನೆಟ್ಟು, ಆಗಸ್ಟಿನವರೆಗೆ ಕುಡಿಯನ್ನು ಚಿವುಟುತ್ತಿದ್ದರೆ ಗಿಡವು ಪೊದೆಯಾಗಿ ಹಲವು ಮೊಗ್ಗುಗಳನ್ನು ಹೊರುವುದು. ಇಲ್ಲಿ ಒಂದು ಗುಟ್ಟಿರುವುದು. ಸೇವಂತಿಗೆಯೂ ಕ್ರಿಸ್ಮಸ್ ಹಬ್ಬಕ್ಕೆ ನಾವು ಬಯಸುವ ಪಾಯಿನ್ಸೆಟಿಯಾವೂ ರಾತ್ರಿಯು ಉದ್ದವಾದಾಗ ಮಾತ್ರ ಮೊಗ್ಗು ಹಿಡಿಯುವ ಜಾತಿಗಳು. ಜಗಲಿಯ ವಿದ್ಯುದ್ದೀಪವು ರಾತ್ರಿಯೆಲ್ಲಾ ಅವುಗಳ ಮೇಲೆ ಬೆಳಗುತ್ತಿದ್ದರೆ ಗಿಡವು ರಾತ್ರಿಯಾಯಿತೆಂದು ತಿಳಿಯದೆ ಬರೇ ಎಲೆಯನ್ನೇ ಬಿಡುತ್ತಿರುವುದು. “ಎಲೆ ಚೆನ್ನಾಗಿದೆ, ಆದರೆ ಕೆಂಪೇರಲಿಲ್ಲ” ಎಂಬವರು ದೀಪವನ್ನು ನೋಡಿಕೊಳ್ಳಲಿ. ಅಕ್ಟೋಬರಿನ ಮೊದಲಿಂದ ಎಂಟು ವಾರಗಳ ಕಾಲ, ಸಂಜೆಯಿಂದ ಬೆಳಗಿನವರೆಗೆ 14 ಗಂಟೆಗಳ ಕತ್ತಲೆಯನ್ನು ಕೊಟ್ಟರೆ ಪಾಯಿನ್ಸೆಟಿಯಾವು ಹಬ್ಬಕ್ಕೆ ತಪ್ಪದೆ ಕೆಂಪೇರುವುದು. ಆ ಕೆಂಪು ದಳಗಳಲ್ಲ, ಎಲೆಗಳೇ. ನಿಜವಾದ ಹೂವು ಅವುಗಳ ನಡುವೆ ಹಳದಿಯಾಗಿ ಸಣ್ಣದಾಗಿರುವುದು.

ಚಳಿಗಾಲದ ಹೂವುಗಳನ್ನು ಬಾಡಿದೊಡನೆ ಕಿತ್ತುಹಾಕಬೇಕು. ಬೀಜಕಟ್ಟಲು ಬಿಟ್ಟರೆ ಗಿಡವು ತನ್ನ ಕೆಲಸವು ಮುಗಿಯಿತೆಂದು ನಿಲ್ಲಿಸುವುದು; ಕಿತ್ತರೆ ಮತ್ತೆ ಮೊಗ್ಗುಬಿಡುವುದು.

ಬೇಸಿಗೆ

ಬೇಸಿಗೆಯ ಸಾಲನ್ನು ಜನವರಿಯಲ್ಲಿಯೇ ಬಿತ್ತತಕ್ಕದ್ದು. ಆಗ ಚಳಿಯ ಹೂವುಗಳು ಮುಂದೆ ನಗುತ್ತಿರುವಾಗ ಇವು ಹಿಂದೆ ಬೆಳೆಯುತ್ತಿರುವುವು. ನಿತ್ಯಪುಷ್ಪ, ಜೀನಿಯಾ, ಕಾಸ್ಮಾಸ್ ಇವು ಬಿಸಿಲಿಗೆ ಹೆದರುವವುಗಳಲ್ಲ. ಪೋರ್ಟುಲಾಕಾವನ್ನು ಬೀಜಕ್ಕೆ ಕಾಯದೆ ಬೆರಳುದ್ದದ ತುಂಡಿನಿಂದಲೇ ನೆಡಬಹುದು. ಬಿಸಿಲೇರಿದಾಗ ಅರಳಿ, ಇಳಿಹೊತ್ತಿಗೆ ಮುಚ್ಚುವುದು. ಕಾಗದದ ಹೂವಿನ ಗಿಡಕ್ಕೆ ಹೆಚ್ಚು ನೀರನ್ನು ಕೊಟ್ಟರೆ ಎಲೆಯಲ್ಲಿಯೇ ಸೊಕ್ಕುವುದು; ಮಣ್ಣು ಒಣಗಲು ಬಿಟ್ಟು ಎರೆದರೆ ಬಣ್ಣವೇ ಬಣ್ಣ. ದುಂಡುಮಲ್ಲಿಗೆಯನ್ನು ನವಂಬರಿನ ಕೊನೆಯಲ್ಲಿ ಅರ್ಧದಷ್ಟು ಸವರಿದ್ದರೆ ಮಾರ್ಚಿಯಿಂದ ಮನೆಯೆಲ್ಲಾ ಪರಿಮಳ.

ಬೇಸಿಗೆಯಲ್ಲಿ ನೀರಿನ ಪ್ರಶ್ನೆಯು ಮನಸ್ಸಾಕ್ಷಿಯ ಪ್ರಶ್ನೆಯೂ ಆಗಿದೆ. 2024ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಜಲಮಂಡಲಿಯು ಕುಡಿಯುವ ನೀರನ್ನು ತೋಟಕ್ಕೆ ಉಪಯೋಗಿಸಕೂಡದೆಂದು ಆಜ್ಞೆಯನ್ನು ಹೊರಡಿಸಿ, ತಪ್ಪಿದವರಿಗೆ 5000 ರೂಪಾಯಿಗಳ ದಂಡವನ್ನು ಗೊತ್ತುಮಾಡಿತ್ತು. ನೆರೆಮನೆಯವರು ಬಿಂದಿಗೆ ಹಿಡಿದು ಟ್ಯಾಂಕರಿಗೆ ಕಾಯುತ್ತಿರುವಾಗ ಹೂವಿಗೆ ನಲ್ಲಿಯನ್ನು ತಿರುಗಿಸುವುದು ಒಳ್ಳೆಯ ಮನೆವಾರ್ತೆಯಲ್ಲ. ಆದರೆ ಹನ್ನೆರಡು ಕುಂಡಗಳಿಗೆ ಅಡಿಗೆಮನೆಯೇ ನೀರನ್ನು ಕೊಡಬಲ್ಲದು. ಅಕ್ಕಿ ತೊಳೆದದ್ದು, ಬೇಳೆ ತೊಳೆದದ್ದು, ಸೊಪ್ಪು ತರಕಾರಿ ತೊಳೆದದ್ದು ಇವನ್ನೆಲ್ಲಾ ಒಂದು ಬಕೇಟಿನಲ್ಲಿ ಕೂಡಿಟ್ಟು ಅದೇ ದಿನ ಎರೆಯತಕ್ಕದ್ದು; ಉಪ್ಪು, ಸಾಬೂನು ಸೇರಿದ ನೀರು ಮಾತ್ರ ಸಲ್ಲದು. ಮಣ್ಣಿನ ಮೇಲೆ ಒಣ ಎಲೆಗಳನ್ನಾಗಲಿ ತೆಂಗಿನ ನಾರನ್ನಾಗಲಿ ಒಂದು ಅಂಗುಲ ಹೊದಿಸಿ, ಕುಂಡಗಳನ್ನು ಒತ್ತೊತ್ತಾಗಿ ಸೇರಿಸಿ, ಪಡುವಣ ಬಿಸಿಲಿಗೆ ಒಂದು ಪರದೆಯನ್ನು ಕಟ್ಟಿದರೆ ನೀರು ಬಹಳವಾಗಿ ಉಳಿಯುವುದು.

ಜೋಡಣೆಯ ಚೆಲುವು

ಹಿಂದೆ ಎತ್ತರದ ನೆಲೆಗಿಡ, ನಡುವೆ ಪೊದೆಯಾಗಿ ತುಂಬಿದ ಹೂವಿನ ಗಿಡ, ಮುಂದೆ ಕುಂಡದ ಅಂಚನ್ನು ದಾಟಿ ಇಳಿಬೀಳುವ ಬಳ್ಳಿ: ಈ ಮೂರು ಎತ್ತರಗಳಿದ್ದರೆ ಗುಂಪು ತಾನೇ ಒಪ್ಪವಾಗುವುದು. ಎತ್ತರ ಸಾಲದಿದ್ದರೆ ಬೋರಲು ಹಾಕಿದ ಕುಂಡದ ಮೇಲೆ ಇನ್ನೊಂದನ್ನು ಇಡಬಹುದು. ಒಂದು ಹೊತ್ತಿಗೆ ಎರಡು ಬಣ್ಣಗಳು ಸಾಕು. ಸುಣ್ಣದ ಗೋಡೆಯ ಮುಂದೆ ಕೆಂಪೂ ಕೇಸರಿಯೂ, ಕೆಂಪು ಇಟ್ಟಿಗೆಯ ಮುಂದೆ ಬಿಳಿಯೂ ಹಳದಿಯೂ ಎದ್ದು ಕಾಣುವುವು. ಹೂವು ಕಡಿಮೆಯಾದ ವಾರಗಳಲ್ಲಿ ಎಲೆಯೇ ಮನೆಯ ಮಾನವನ್ನು ಕಾಯುವುದರಿಂದ ನೆಲೆಗಿಡಗಳನ್ನು ಎಲೆಯ ಚೆಲುವನ್ನು ನೋಡಿಯೇ ಆರಿಸತಕ್ಕದ್ದು.

ಚಿಕ್ಕ ಮಕ್ಕಳಿರುವ ಮನೆಯವರು ಇನ್ನೂ ಒಂದನ್ನು ನೋಡಬೇಕು. ಕಣಗಿಲೆಯ ಗಿಡದ ಎಲ್ಲಾ ಭಾಗಗಳೂ ವಿಷವಾದದ್ದರಿಂದ ಅದು ಕೈಗೆಟಕುವ ಕುಂಡಕ್ಕೆ ತಕ್ಕದ್ದಲ್ಲ. ಡಿಫೆನ್‌ಬೇಕಿಯಾ, ಕ್ಯಾಲಡಿಯಂ ಇವುಗಳ ಎಲೆಯನ್ನು ಜಗಿದರೆ ನಾಲಿಗೆಯೂ ಗಂಟಲೂ ಉರಿದು ಊದಿಕೊಳ್ಳುವುವು. ನಿತ್ಯಪುಷ್ಪದಿಂದ ರಕ್ತದ ಕ್ಯಾನ್ಸರಿಗೆ ವಿನ್ಕ್ರಿಸ್ಟಿನ್ ಎಂಬ ಔಷಧವನ್ನು ತೆಗೆಯುವರೆಂಬುದು ನಿಜವು. ಅದೇ ಕಾರಣದಿಂದ ಅದರ ಎಲೆಯನ್ನು ಮನೆಮದ್ದೆಂದು ತಿನ್ನುವುದು ಅಪಾಯವು. ವೈದ್ಯರ ಕೈಯಲ್ಲಿ ಅಳತೆಯಿಂದ ಔಷಧವಾದದ್ದು ಅಳತೆ ತಪ್ಪಿದರೆ ವಿಷವಾಗುವುದು.

ಕೊನೆಯ ಮಾತು

ತೋಟದಿಂದ ಮಕ್ಕಳು ಹೂವಿಗಿಂತ ಹೆಚ್ಚಿನದೊಂದನ್ನು ಕಲಿಯುವರು. ಭೂಮಿಯಲ್ಲಿ ನೆಟ್ಟ ಮರವು ತನ್ನ ನೀರನ್ನು ತಾನೇ ಹುಡುಕಿಕೊಳ್ಳುವುದು. ಕುಂಡದ ಗಿಡಕ್ಕೆ ಅದನ್ನು ಸಾಕುವವರ ಹೊರತು ಬೇರೆ ಗತಿಯಿಲ್ಲ. ಒಂದು ಕುಂಡವನ್ನು ಮಗುವಿನ ಹೆಸರಿಗೆ ಕೊಟ್ಟು, ಆಗಸ್ಟಿನಲ್ಲಿ ಅದರ ಕೈಯಿಂದಲೇ ಬೀಜವನ್ನು ಹಾಕಿಸಿದರೆ, ಡಿಸೆಂಬರಿನವರೆಗೆ ಕಾಯುವುದೆಂದರೇನೆಂದು ಅದು ಯಾವ ಪುಸ್ತಕವೂ ಕಲಿಸಲಾರದಷ್ಟು ಚೆನ್ನಾಗಿ ತಿಳಿಯುವುದು. ಹೆತ್ತವರು ಇದನ್ನು ಈ ವರ್ಷವೇ ಮಾಡಿನೋಡಬೇಕೆಂದು ಕೇಳಿಕೊಳ್ಳುತ್ತೇವೆ.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಒಂದು ಬಿನ್ನಹ. ಮುಂದಿನ ಸಮ್ಮೇಳನಕ್ಕೆ ಬರುವಾಗ ನಿಮ್ಮ ಮನೆಯಲ್ಲಿ ಚೆನ್ನಾಗಿ ಬಂದ ಗಿಡದ ಒಂದು ಕಡ್ಡಿಯನ್ನಾಗಲಿ ಒಂದು ಹಿಡಿ ಬೀಜವನ್ನಾಗಲಿ, ಅದರ ಹೆಸರನ್ನೂ ಬಿತ್ತುವ ತಿಂಗಳನ್ನೂ ಕಾಗದದಲ್ಲಿ ಬರೆದು ತನ್ನಿರಿ. ಕರಾವಳಿಯವರದು ಬಯಲುಸೀಮೆಗೂ ಬಯಲುಸೀಮೆಯವರದು ಮಲೆನಾಡಿಗೂ ಹೋಗಲಿ. ಬೀಜವನ್ನು ಹಂಚಿಕೊಂಡವರಿಗೆ ಅದು ಕಡಿಮೆಯಾಗುವುದಿಲ್ಲ. ಒಬ್ಬರ ಕುಂಡದಲ್ಲಿ ಕೆಟ್ಟರೂ ಇನ್ನೊಬ್ಬರ ಕುಂಡದಲ್ಲಿ ಉಳಿದಿರುವುದು.